ಮರೆತ ಚಿತ್ರಕ್ಕೆ ಸನ್ಮಾನ

ಹಳೆಯ ಟಾಕೀಸೊಂದರ ಮೂಲೆಯಲ್ಲಿ ಒಂದು ಸಿನಿಮಾ ರೀಲು ತಗಡಿನ ಡಬ್ಬಿಯೊಳಗೆ ವರ್ಷಗಟ್ಟಲೆ ಬಿದ್ದುಕೊಂಡಿತ್ತು. ಖಾಲಿ ಕುರ್ಚಿಗಳ ಮುಂದೆ ಓಡಿ, ವಾರದೊಳಗೇ ಎತ್ತಂಗಡಿಯಾದ ಚಿತ್ರವದು. ಯಾರಾದರೂ ಒಮ್ಮೆ ನೋಡಿಯಾರೆಂಬ ಆಸೆ ಮಾತ್ರ ಅದಕ್ಕೆ ಸತ್ತಿರಲಿಲ್ಲ.

ಒಂದು ದಿನ ಸೂರಿನ ಪಾರಿವಾಳಗಳೆಲ್ಲ ಹಾರ ಹಿಡಿದು ಬಂದು ಡಬ್ಬಿಯ ಮುಚ್ಚಳ ತೆರೆದವು.

"ನಾವು ಮರೆತ ಚಿತ್ರಗಳ ಅಭಿಮಾನಿ ಸಂಘದವರು," ಎಂದರು ಪಾರಿವಾಳಗಳ ಅಧ್ಯಕ್ಷರು. "ತಮ್ಮಂಥ ಮೇರುಕೃತಿಯನ್ನು ಈ ದಡ್ಡ ಜನ ಗುರುತಿಸಲಿಲ್ಲವಲ್ಲ!"

ರೀಲು ಹಿಗ್ಗಿಹೋಯಿತು. "ತಮಗೆ ಯಾವ ದೃಶ್ಯ ಹಿಡಿಸಿತು, ಸ್ವಾಮಿ?"

ಪಾರಿವಾಳಗಳು ಮುಖ ಮುಖ ನೋಡಿಕೊಂಡವು. "ಎಲ್ಲವೂ," ಎಂದರು ಅಧ್ಯಕ್ಷರು. "ನೋಡುವುದೊಂದು ಬಾಕಿಯಿದೆ."

"ಅದಕ್ಕೇನಂತೆ, ಇವತ್ತೇ ನೋಡಿಬಿಡಿ! ಪ್ರೊಜೆಕ್ಟರ್ ಇನ್ನೂ ಓಡುತ್ತದೆ. ಊರವರನ್ನೂ ಕರೆಯಿರಿ."

ಅಧ್ಯಕ್ಷರು ಎರಡು ಹೆಜ್ಜೆ ಹಿಂದೆ ಸರಿದರು. "ಎಂಥ ಮಾತಾಡುತ್ತೀರಿ! ಊರೆಲ್ಲ ನೋಡಿಬಿಟ್ಟರೆ ತಾವು ಮರೆತ ಚಿತ್ರ ಹೇಗಾಗುತ್ತೀರಿ? ಆಮೇಲೆ ನಮ್ಮ ಸಂಘದ ಗತಿಯೇನು?"

ರೀಲು ಬಾಯಿ ತೆರೆಯುವಷ್ಟರಲ್ಲಿ ಪಾರಿವಾಳಗಳು ಮುಚ್ಚಳ ಹಾಕಿ, ಅದು ಅಲುಗದಂತೆ ಅಧ್ಯಕ್ಷರನ್ನೇ ಅದರ ಮೇಲೆ ಕೂರಿಸಿದವು. ಸನ್ಮಾನ ಸಭೆ ಶುರುವಾಯಿತು. ಒಳ್ಳೆಯ ಚಿತ್ರಗಳನ್ನು ಜನ ಕಡೆಗಣಿಸುವುದರ ಕುರಿತು ಅಧ್ಯಕ್ಷರು ಬಹಳ ಹೊತ್ತು ಗದ್ಗದಿತರಾಗಿ ಮಾತಾಡಿದರು. ಡಬ್ಬಿಯೊಳಗಿನಿಂದ ಬರುತ್ತಿದ್ದ ಬಡಿತವನ್ನು ಅವರು ಚಪ್ಪಾಳೆಯೆಂದೇ ತಿಳಿದರು.