ಹೂಂ ಅನ್ನುತ್ತಿದ್ದ ಬಳೆಗಾರ

“ಗುರುಗಳೇ, ಜೊತೆಯವರ ಸದ್ದು ಸಾಧನೆಗೆ ಅಡ್ಡ ಬಂದರೆ ಜೊತೆಯನ್ನೇ ಬಿಡುವುದು ತಪ್ಪೇ?” ಎಂದು ಶಾಂತಯ್ಯ ಕೇಳಿದ.

ಮಠದಲ್ಲಿ ಅವನ ಕೋಣೆಯಲ್ಲಿ ಬೊಮ್ಮಯ್ಯ ಎಂಬ ಇನ್ನೊಬ್ಬ ಶಿಷ್ಯನಿದ್ದ. ಬೊಮ್ಮಯ್ಯ ನೀರು ಕುಡಿದರೆ ಗಟಗಟ ಸದ್ದು ಅಂಗಳದವರೆಗೂ ಕೇಳುತ್ತಿತ್ತು. ಮಂತ್ರವನ್ನು ಮೂಗಿನಿಂದ ಹೇಳುತ್ತಿದ್ದ. ಶಾಂತಯ್ಯ ಕಣ್ಣು ಮುಚ್ಚಿ ಕೂತಾಗಲೇ ಪಕ್ಕಕ್ಕೆ ಬಂದು, “ಧ್ಯಾನ ಮಾಡ್ತಿದೀಯಾ?” ಎಂದು ವಿಚಾರಿಸುತ್ತಿದ್ದ. ಗುಡ್ಡದ ಮೇಲೆ ಮಠಕ್ಕೆ ಸೇರಿದ ಒಂದು ಗುಡಿಸಲು ಖಾಲಿ ಬಿದ್ದಿತ್ತು. ಅದರ ಬೀಗದ ಕೈ ಗುರುಗಳ ಸೊಂಟದಲ್ಲಿತ್ತು. ಶಾಂತಯ್ಯನಿಗೆ ಬೇಕಾಗಿದ್ದದ್ದು ಅದು.

ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. “ಒಂದು ಕತೆ ಇದೆ, ಹೇಳಲೇ?” ಎಂದರು.

“ಹೂಂ,” ಎಂದ ಶಾಂತಯ್ಯ.

ಗುರುಗಳು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಜವಳಿ ವರ್ತಕನಿದ್ದ. ಚದುರಂಗದಲ್ಲಿ ಅವನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಪೇಟೆಯ ಛತ್ರದಲ್ಲಿ ಚದುರಂಗದ ಪಂದ್ಯ ನಡೆಯುತ್ತಿತ್ತು. ಸುತ್ತಲಿನ ಊರುಗಳಿಂದ ಆಟಗಾರರು ಬರುತ್ತಿದ್ದರು. ಕೊನೆಗೆ ಗೆಲ್ಲುವವನು ವರ್ತಕನೇ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಬರುತ್ತಿದ್ದರು. ಆಟದ ಚಟ ಅಂಥದ್ದು, ಮೇಲಾಗಿ ಛತ್ರದ ಊಟ ಚೆನ್ನಾಗಿರುತ್ತಿತ್ತು.

ವರ್ತಕನಿಗೆ ಗೆಲುವು ಸಾಕಾಗಿಹೋಗಿತ್ತು. ಅವನಿಗಿದ್ದದ್ದು ಒಂದೇ ಆಸೆ. ಜೀವಮಾನದಲ್ಲಿ ಒಂದು ಸಲವಾದರೂ, ಎಲ್ಲೂ ಒಂದು ಕಲೆಯಿಲ್ಲದ, ಚೊಕ್ಕವಾದ ಆಟ ಆಡಬೇಕು. ಅಂಥ ಆಟ ತನ್ನೊಳಗೆ ಇದೆಯೆಂದು ಅವನಿಗೆ ಗೊತ್ತಿತ್ತು. ಅದು ಹೊರಗೆ ಬರದಂತೆ ತಡೆಯುತ್ತಿದ್ದವರು ಜನ.

ಜನವೆಂದರೆ ಗೊತ್ತಲ್ಲ. ಒಬ್ಬ ಯೋಚನೆ ಮಾಡುವಾಗ ನೆಟಿಕೆ ಮುರಿಯುತ್ತಿದ್ದ. ಒಬ್ಬ ತೊಡೆ ಕುಣಿಸಿ ಕುಣಿಸಿ ಮಣೆಯ ಮೇಲಿನ ಕುದುರೆಗಳನ್ನೆಲ್ಲ ನಿಜಕ್ಕೂ ಓಡಿಸಿಬಿಡುತ್ತಿದ್ದ. ಇನ್ನೊಬ್ಬ ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು, ಗದ್ದ ಮೇಲೆತ್ತಿ ಮಾತಾಡುತ್ತಿದ್ದ. ಎದುರಾಳಿಯ ಕಾಯಿಗಳನ್ನು ಮನೆಯ ನಟ್ಟನಡುವೆ ಸರಿಯಾಗಿ ಕೂರಿಸುವುದೇ ತನ್ನ ಧರ್ಮ ಎಂದುಕೊಂಡವನೂ ಒಬ್ಬನಿದ್ದ. ಮುಟ್ಟಿದ ಕಾಯಿಯನ್ನು ಬಿಟ್ಟು ಬೇರೆಯದನ್ನು ನಡೆಸುವವರಿದ್ದರು. ಸೋತ ಮೇಲೆ ತಲೆನೋವು ನೆನಪಾಗುವವರಿದ್ದರು. ನೋಡಲು ಬಂದವರಂತೂ ಆಡುವವನ ಹೆಗಲ ಮೇಲೆ ಬಾಗಿ, “ಅಯ್ಯೋ, ಆನೆ ಹೋಯ್ತಲ್ಲಪ್ಪ!” ಎಂದು ತಮ್ಮ ಮನೆಯ ಆನೆಯೇ ಹೋದವರಂತೆ ಕೈ ಹಿಸುಕಿಕೊಳ್ಳುತ್ತಿದ್ದರು.

ಇವೆಲ್ಲ ಕೆಟ್ಟ ಚಾಳಿಗಳೇ. ವರ್ತಕನ ಸಿಟ್ಟಿನಲ್ಲಿ ತಪ್ಪಿರಲಿಲ್ಲ. ಅವನು ಪಂದ್ಯದ ಯಜಮಾನನಿಗೆ ದೂರು ಹೇಳಿದ. ಯಜಮಾನನಿಗೆ ವರ್ತಕನೆಂದರೆ ಭಕ್ತಿ. ಒಂದೊಂದು ದೂರಿಗೂ ಒಂದೊಂದು ನಿಯಮ ಹುಟ್ಟಿತು. ಎಲೆಯಡಿಕೆಯ ತಟ್ಟೆ ಹೊರಜಗಲಿಗೆ ಹೋಯಿತು. ನೋಡುವವರನ್ನು ಹಗ್ಗ ಕಟ್ಟಿ ಆಚೆ ನಿಲ್ಲಿಸಿದರು. ಆಟ ಮುಗಿದ ಮೇಲೆ ಗೆದ್ದವನೂ ಸೋತವನೂ ಕಾಯಿಗಳನ್ನು ಮತ್ತೆ ಜೋಡಿಸಿಕೊಂಡು, ‘ಇಲ್ಲಿ ಹೀಗೆ ಆಡಿದ್ದರೆ’ ಎಂದು ಮಾತಾಡುತ್ತ ಕೂರುವ ವಾಡಿಕೆಯೊಂದಿತ್ತು. ಮುಗಿದ ಆಟಕ್ಕೆ ಹರಟೆ ಯಾಕೆ ಎಂದ ವರ್ತಕ. ಅದೂ ನಿಂತಿತು. ಯಾರ ಬಾಯಿಂದ ಸದ್ದು ಬಂದರೂ ಯಜಮಾನ ಬಂದು ಮುಖದ ಮುಂದೆ ಅಂಗೈ ಎತ್ತುತ್ತಿದ್ದ.

ಅಂಗೈ ಎತ್ತುವುದನ್ನು ಯಜಮಾನ ಕಲಿತದ್ದು ವರ್ತಕನಿಂದ. ವರ್ತಕ ಮನೆಯಲ್ಲಿ ಮಣೆ ಹಾಕಿಕೊಂಡು ಒಬ್ಬನೇ ನಡೆಗಳನ್ನು ಯೋಚಿಸುವಾಗ ಹೆಂಡತಿ ಏನಾದರೂ ಹೇಳಲು ಬಂದರೆ ಹಾಗೆ ಅಂಗೈ ಎತ್ತುತ್ತಿದ್ದ. ಮದುವೆಯಾದ ಹೊಸತರಲ್ಲಿ ಆಕೆ ಬಹಳ ಮಾತಿನವಳು. ಅವನು ಏನು ಹೇಳಿದರೂ ಕಣ್ಣರಳಿಸಿ ಕೇಳುತ್ತಿದ್ದಳು, ತಾನೂ ಹತ್ತು ಸುದ್ದಿ ತರುತ್ತಿದ್ದಳು. ಅಂಗೈ ಕಂಡರೆ ಅರ್ಧ ಮಾತಿಗೆ ನಿಲ್ಲಿಸಿ ಒಳಗೆ ಹೋಗುತ್ತಿದ್ದಳು. ಬರಬರುತ್ತ ಆ ಅರ್ಧ ಮಾತೂ ಉಳಿಯಲಿಲ್ಲ. ಊಟದ ಹೊತ್ತಿಗೆ ತಟ್ಟೆ ತಂದು ಸದ್ದಾಗದಂತೆ ಇಟ್ಟು ಹೋಗುತ್ತಿದ್ದಳು. ಇಷ್ಟು ನೆಮ್ಮದಿಯ ಮನೆ ಯಾರಿಗುಂಟು ಎಂದು ವರ್ತಕ ಹೆಮ್ಮೆಪಟ್ಟುಕೊಂಡಿದ್ದ.

ಒಂದು ಬೇಸಿಗೆಯ ಪಂದ್ಯದಲ್ಲಿ ಅವನ ಎದುರಿಗೆ ಒಬ್ಬ ಬಳೆಗಾರ ಬಂದು ಕೂತ. ಆಟ ಸಾಧಾರಣ. ಆದರೆ ನಡತೆಯಲ್ಲಿ ಹೆಸರಿಡುವ ಹಾಗಿರಲಿಲ್ಲ. ಕಾಲು ಮಡಚಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ನೆಟ್ಟಗೆ ಕೂತಿದ್ದ. ವರ್ತಕನಿಗೆ ಸಮಾಧಾನವಾಯಿತು. ಕಾಲಾಳನ್ನು ಮುಂದಿಟ್ಟ.

“ಹೂಂ,” ಎಂದ ಬಳೆಗಾರ.

ಜೋರಾಗಿ ಏನಲ್ಲ. ಕತೆ ಕೇಳುವವರು ಅನ್ನುತ್ತಾರಲ್ಲ, ಈಗ ನೀನು ಅನ್ನುತ್ತಿದ್ದೀಯಲ್ಲ, ಹಾಗೆ. ವರ್ತಕ ಕುದುರೆ ನಡೆಸಿದ. ಅದಕ್ಕೂ ಹೂಂ. ಒಂಟೆ ನಡೆಸಿದ. ಅದಕ್ಕೂ ಹೂಂ. ವರ್ತಕನಿಗೆ ಮೈಯೆಲ್ಲ ಉರಿದುಹೋಯಿತು. ನೆಟಿಕೆಯವನು, ತೊಡೆ ಕುಣಿಸುವವನು ಎಷ್ಟೋ ವಾಸಿ ಅನ್ನಿಸಿತು. ಅವರು ತಮ್ಮ ಪಾಡಿಗೆ ತಾವು ಸದ್ದು ಮಾಡುತ್ತಿದ್ದರು. ಇವನ ಸದ್ದು ಪ್ರತಿ ಸಲವೂ ತನ್ನನ್ನೇ ಬಂದು ಮುಟ್ಟುತ್ತಿತ್ತು.

“ಏನಯ್ಯ ಅದು? ನಾನೇನು ನಿನಗೆ ಕತೆ ಹೇಳ್ತಿದೀನಾ?” ಎಂದು ವರ್ತಕ ಗದರಿದ.

ಬಳೆಗಾರ ನಾಚಿಕೊಂಡ. “ಕಸುಬಿಂದ ಬಂದ ಅಭ್ಯಾಸ ಸ್ವಾಮಿ. ಬಿಗಿ ಬಳೆ ಏರಿಸೋವಾಗ ಹೆಣ್ಣುಮಕ್ಕಳನ್ನ ಮಾತಿಗೆ ಹಚ್ಚಬೇಕು. ಅವರು ಮನೆ ಕತೆ ಹೇಳ್ತಾ ಇರ್ತಾರೆ, ನಾವು ಹೂಂ ಅಂತಾ ಇರ್ತೀವಿ. ಆಗ ನೋವು ಗೊತ್ತಾಗಲ್ಲ, ಕೈ ಸಡಿಲ ಬಿಡ್ತಾರೆ. ಬಳೆ ತಾನಾಗೇ ಏರ್ತದೆ. ನೀವು ಕಾಯಿ ಇಟ್ಟಾಗಲೂ ಏನೋ ಹೇಳಿದಂಗೆ ಆಗ್ತದೆ ಸ್ವಾಮಿ, ಬಂದುಬಿಡ್ತದೆ.”

ವರ್ತಕ ಯಜಮಾನನ ಕಡೆ ನೋಡಿದ. ಯಜಮಾನ ಬಂದು ಅಂಗೈ ಎತ್ತಿದ. ಬಳೆಗಾರ ತಲೆಯಾಡಿಸಿ ತುಟಿ ಬಿಗಿಹಿಡಿದ. ಮುಂದಿನ ನಡೆಗೆ ಹೂಂ ಮೂಗಿನಿಂದ ಬಂತು. ಹಗ್ಗದಾಚೆ ಯಾರೋ ಕಿಸಕ್ಕನೆ ನಕ್ಕು, ಅಂಗೈಯನ್ನು ಕಂಡು ನುಂಗಿಕೊಂಡರು. ಬಳೆಗಾರನಿಗೆ ಬೇರೆ ದಾರಿ ತೋಚಲಿಲ್ಲ. ಹೆಗಲ ಮೇಲಿನ ವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿಹಿಡಿದ. ಆಮೇಲೆ ಛತ್ರದಲ್ಲಿ ಸದ್ದೇ ಇರಲಿಲ್ಲ.

ಆ ದಿನ ವರ್ತಕ ತಾನು ಬಯಸಿದ ಆಟ ಆಡಿದ. ನಡುವೆ ಒಂದು ನಡೆ ಬಂತು. ತನ್ನ ಮಂತ್ರಿಯನ್ನೇ ತೆಗೆದುಕೊಂಡು ಹೋಗಿ ಎದುರಾಳಿಯ ಆನೆಯ ಬಾಯಿಗೆ ಕೊಟ್ಟ. ನೋಡಿದವರಿಗೆ ಬುದ್ಧಿ ಕೆಟ್ಟಿದೆ ಅನ್ನಿಸಬೇಕು, ಅಂಥ ನಡೆ. ಬಳೆಗಾರನ ಆನೆ ಮಂತ್ರಿಯನ್ನು ತಿಂದಿತು. ತಿಂದು ನಿಂತ ಜಾಗದಲ್ಲಿ ತನ್ನ ರಾಜನಿಗಿದ್ದ ಕೊನೆಯ ದಾರಿಯನ್ನೂ ಮುಚ್ಚಿಬಿಟ್ಟಿತು. ಆಗ ವರ್ತಕನ ಕುದುರೆ ಹಾರಿತು. ತನ್ನವರೇ ಸುತ್ತ ನಿಂತಿದ್ದರಿಂದ ರಾಜ ಅಲುಗಾಡುವ ಹಾಗಿರಲಿಲ್ಲ. ಆಟ ಮುಗಿಯಿತು. ಇಷ್ಟು ವರ್ಷ ಹುಡುಕಿದ್ದು ಸಿಕ್ಕಿತ್ತು.

ವರ್ತಕ ತಲೆ ಎತ್ತಿದ. ಬಳೆಗಾರ ಬಟ್ಟೆ ಕಚ್ಚಿಕೊಂಡೇ ಮಣೆಯನ್ನು ನೋಡಿದ, ಕೈ ಮುಗಿದ, ಎದ್ದು ಹೋದ. ಹಗ್ಗದಾಚೆಯವರು ಯಜಮಾನನ ಅಂಗೈಯನ್ನು ನೋಡಿಕೊಂಡು ನಿಂತಿದ್ದರು. ಮಂತ್ರಿ ಹೋದಾಗ ಅಯ್ಯೋ ಎನ್ನುವವನು ಅಲ್ಲಿ ಒಬ್ಬನೂ ಇರಲಿಲ್ಲ. ‘ಅದು ಹೇಗೆ ಹೊಳೆಯಿತು ಸ್ವಾಮಿ’ ಎಂದು ಕೇಳುವವನೂ ಇರಲಿಲ್ಲ, ಆ ಹರಟೆಯನ್ನು ಅವನೇ ನಿಲ್ಲಿಸಿದ್ದನಲ್ಲ. ವರ್ತಕ ಕಾಯಿಗಳನ್ನು ತಾನೇ ಡಬ್ಬಿಗೆ ತುಂಬಿಕೊಂಡ. ಒಳಗೆಲ್ಲ ಏನೋ ಖಾಲಿ ಖಾಲಿ ಅನ್ನಿಸಿತು. ಹಸಿವಿರಬೇಕು ಅಂದುಕೊಂಡು ಮನೆಯ ದಾರಿ ಹಿಡಿದ.

ಮನೆಯಲ್ಲಿ ಹೆಂಡತಿ ತಟ್ಟೆ ತಂದು ಸದ್ದಾಗದಂತೆ ಇಟ್ಟಳು. ಉಂಡ. ಹಸಿವು ಹೋಯಿತು, ಖಾಲಿತನ ಹೋಗಲಿಲ್ಲ. ಯಾರಿಗಾದರೂ ಹೇಳಲೇಬೇಕು ಅನ್ನಿಸಿತು. ಆಕೆ ತಟ್ಟೆ ಒಯ್ಯಲು ಬಂದಾಗ ಹೇಳೋಣವೆಂದರೆ ಮಾತನ್ನು ಎಲ್ಲಿಂದ ಹಿಡಿಯಬೇಕೋ ತಿಳಿಯಲಿಲ್ಲ. ಕುದುರೆ ಹಾರಿದ ಬಗೆಯನ್ನು ಮೊದಲು ತೋರಿಸೋಣವೆಂದು ಕೈ ಎತ್ತಿದ.

ಆಕೆ ಎತ್ತಿದ ಅಂಗೈಯನ್ನು ಕಂಡಳು. ಅದರ ಅರ್ಥ ಆಕೆಗೆ ಎಷ್ಟೋ ವರ್ಷಗಳಿಂದ ಗೊತ್ತಿತ್ತು. ಹಿಂದೆ ಹಿಂದೆ ಸರಿದು ಒಳಗೆ ಹೋದಳು, ಬಾಗಿಲನ್ನೂ ಸದ್ದಾಗದಂತೆ ಎಳೆದುಕೊಂಡಳು. ಕೂಗಿ ಕರೆಯೋಣವೆಂದರೆ ಅವನ ಬಾಯಿಗೆ ಅದರ ರೂಢಿಯಿರಲಿಲ್ಲ.

ಇಷ್ಟು ಹೊತ್ತು ಹೂಂಗುಟ್ಟುತ್ತಿದ್ದ ಶಾಂತಯ್ಯ ಇಲ್ಲಿ ಸುಮ್ಮನಾಗಿದ್ದ. ಗುರುಗಳು ಗಮನಿಸದವರಂತೆ ಮುಂದುವರಿಸಿದರು.

ಆಮೇಲೆ ವರ್ತಕನಿಗೆ ಒಂದೇ ಧ್ಯಾನ. ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದರೂ ಕಿವಿ ಬೀದಿಯ ಕಡೆ. ಬಳೆಗಾರನ ಕೂಗು ಕೇಳೀತೇನೋ ಎಂದು ಕಾಯುತ್ತಿದ್ದ. ಮನೆಯಲ್ಲಿ ಮಣೆ ಹಾಕಿ ಆ ಆಟವನ್ನೇ ಮತ್ತೆ ಆಡುತ್ತಿದ್ದ. ಮಂತ್ರಿಯನ್ನು ಕೊಟ್ಟು, ಕೈ ಹಿಂದಕ್ಕೆ ತೆಗೆದುಕೊಂಡು, ಎದುರಿನ ಖಾಲಿ ಜಾಗವನ್ನು ನೋಡುತ್ತ ಕೂರುತ್ತಿದ್ದ. ತಾನು ಮಾಡಿದ್ದಕ್ಕೆ ಹೂಂ ಅನ್ನುವವರು ಪ್ರಪಂಚದಲ್ಲಿ ಇಬ್ಬರಿದ್ದರು, ಇಬ್ಬರ ಬಾಯನ್ನೂ ತಾನೇ ಮುಚ್ಚಿಸಿದ್ದೇನೆ ಎಂಬುದು ಹಾಗೆ ಕೂತಿದ್ದಾಗ ಒಂದು ದಿನ ಅವನಿಗೆ ತಿಳಿಯಿತು. ವರ್ತಕ ಅತ್ತ. ಆ ಮನೆಯ ಪದ್ಧತಿಯಂತೆ ಸದ್ದಿಲ್ಲದೆ ಅತ್ತ.

ಮತ್ತೆ ಬೇಸಿಗೆ ಬಂತು. ಬಳೆಗಾರನೂ ಬಂದಿದ್ದ. ವರ್ತಕ ಯಜಮಾನನಿಗೆ ಹೇಳಿ ಅವನ ಎದುರಿಗೇ ಕೂತ. ಬಳೆಗಾರ ಕೈ ಮುಗಿದು, ಯಾರೂ ಹೇಳದೆಯೇ ವಸ್ತ್ರದ ತುದಿಯನ್ನು ಬಾಯಿಗೆ ಇಟ್ಟುಕೊಂಡ. ವರ್ತಕ ಕೈಯಾರೆ ಅದನ್ನು ಎಳೆದು ತೆಗೆದ. ಕಾಲಾಳನ್ನು ಮುಂದಿಟ್ಟು ಕಾದ. ಏನೂ ಬರಲಿಲ್ಲ. ಕುದುರೆ ನಡೆಸಿ ಕಾದ. ಆಗಲೂ ಇಲ್ಲ.

“ಯಾಕಪ್ಪ, ಹೂಂ ಅನ್ನಲ್ವಾ?” ಎಂದು ಮೆಲ್ಲಗೆ ಕೇಳಿದ.

“ಬಿಟ್ಟೋಯ್ತು ಸ್ವಾಮಿ,” ಎಂದ ಬಳೆಗಾರ, ಅಷ್ಟೇ ಮೆಲ್ಲಗೆ. “ಇಲ್ಲಿಂದ ಹೋದ ಮೇಲೆ, ಬಳೆ ಏರಿಸೋವಾಗ ಬಾಯಿಗೆ ಬಂದಾಗೆಲ್ಲ ಇವರಿಗೂ ಕಿರಿಕಿರಿ ಆಗ್ತದೇನೋ ಅಂತ ನುಂಗಿಕೊಳ್ತಿದ್ದೆ. ಈಗ ಬಾಯಿಗೇ ಬರಲ್ಲ. ಹೆಣ್ಣುಮಕ್ಕಳು ಮಾತು ಶುರು ಮಾಡ್ತಾರೆ, ಆಮೇಲೆ ಅವರೂ ಸುಮ್ಮನಾಗ್ತಾರೆ. ಕೈ ಬಿಗೀತಾರೆ. ಬಳೆ ಒಡೆದುಹೋಗ್ತವೆ.”

ದೂರುವ ದನಿಯಲ್ಲಿ ಹೇಳಲಿಲ್ಲ. ಹೇಳಿ ತನ್ನ ಕಾಲಾಳನ್ನು ಒಂದು ಮನೆ ಮುಂದಿಟ್ಟ. ಅವನ ಬೆರಳುಗಳಲ್ಲಿ ಗಾಜು ಗೀರಿದ ಗುರುತುಗಳಿದ್ದವು. ವರ್ತಕನಿಗೆ ತಪ್ಪಾಯಿತು ಎನ್ನಬೇಕು ಅನ್ನಿಸಿತು. ಅಷ್ಟು ದೊಡ್ಡ ಮಾತು ಅವನಿಂದ ಆಗಲಿಲ್ಲ. ಬಳೆಗಾರ ಇಟ್ಟ ಕಾಲಾಳನ್ನು ನೋಡಿದ, ಬಳೆಗಾರನ ಮುಖವನ್ನು ನೋಡಿದ.

“ಹೂಂ,” ಎಂದ.

ರೂಢಿಯಿಲ್ಲದ ಬಾಯಾದ್ದರಿಂದ ಸ್ವಲ್ಪ ಜೋರಾಗಿಯೇ ಬಂತು. ಬಳೆಗಾರ ತಲೆ ಎತ್ತಿದ. ಅವನ ಮುಖ ಅರಳಿತು, ತುಟಿ ಅಲುಗಿತು. ಇನ್ನೇನು ಅವನಿಗೂ ಬಂದೇಬಿಡುತ್ತಿತ್ತು. ಅಷ್ಟರಲ್ಲಿ ಯಜಮಾನ ಬೆಕ್ಕಿನ ಹೆಜ್ಜೆ ಇಟ್ಟು ಬಂದು ಪಕ್ಕದಲ್ಲಿ ನಿಂತಿದ್ದ. ನಿಯಮದ ಮುಂದೆ ದೊಡ್ಡವರು ಚಿಕ್ಕವರು ಎಂಬುದಿಲ್ಲ ಎಂದು ಅವನಿಗೆ ವರ್ತಕನೇ ಹೇಳಿಕೊಟ್ಟಿದ್ದ. ಯಜಮಾನ ಭಯಭಕ್ತಿಯಿಂದ ಬಾಗಿ, ವರ್ತಕನ ಮುಖದ ಮುಂದೆ ಅಂಗೈ ಎತ್ತಿದ. ಬಳೆಗಾರ ಗಾಬರಿಯಾಗಿ ವಸ್ತ್ರದ ತುದಿಯನ್ನು ಮತ್ತೆ ಬಾಯಿಗೆ ತುರುಕಿಕೊಂಡ.

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟರು. ಒಳಗಿನಿಂದ ಬೊಮ್ಮಯ್ಯ ಗಟಗಟ ನೀರು ಕುಡಿಯುವುದು ಕೇಳಿಸಿತು. ಗುರುಗಳು ಸೊಂಟದಿಂದ ಗುಡಿಸಲಿನ ಬೀಗದ ಕೈ ಬಿಚ್ಚಿ, ಶಾಂತಯ್ಯನ ಮುಂದೆ ಹಿಡಿದರು.

“ಹೂಂ ಅನ್ನು ಶಾಂತಯ್ಯ, ಗುಡಿಸಲು ನಿನ್ನದೇ.”

ಶಾಂತಯ್ಯ ಬಾಯಿ ತೆರೆದ. ದನಿ ಹೊರಡಲಿಲ್ಲ.