ತಡವಾಗಿ ಬಂದ ‘ಓ’

“ಬೇಡ ಎಂದವನಿಗೆ ಯಾರು ತಾನೇ ಏನು ಮಾಡಲು ಸಾಧ್ಯ, ಗುರುಗಳೇ?” ಎಂದು ಬಸಲಿಂಗ ಕೇಳಿದ. ಅವನ ದನಿಯಲ್ಲಿ ದುಃಖಕ್ಕಿಂತ ಬೇಸರವೇ ಹೆಚ್ಚಿತ್ತು. ಮಠದಲ್ಲಿ ಅವನ ಜೊತೆಗೇ ಓದುತ್ತಿದ್ದ ಚೆನ್ನಮಲ್ಲನಿಗೆ ಒಂದೇ ವರ್ಷದಲ್ಲಿ ತಂದೆ ಹೋದರು, ಅಕ್ಕನ ಗಂಡನೂ ತೀರಿಕೊಂಡ. ಆಮೇಲೆ ಅವನು ಪಾಠಕ್ಕೂ ಬಾರದೆ, ಊಟದ ಪಂಕ್ತಿಗೂ ಬಾರದೆ ಹಾಸಿಗೆ ಹಿಡಿದಿದ್ದ. “ಕಷ್ಟ ಯಾರಿಗೆ ಬರುವುದಿಲ್ಲ? ನಾನೇ ಹೋಗಿ ವಿಚಾರಿಸಿದೆ. ಏನೂ ಬೇಡ ಎಂದ. ಅವನೇ ಬೇಡ ಎಂದ ಮೇಲೆ ನನ್ನ ತಪ್ಪೇನು?”

“ನಿನ್ನ ತಪ್ಪು ಎಂದು ನಾನು ಹೇಳಿದೆನೇ? ಕೂತುಕೋ” ಎಂದು ಗುರುಗಳು ಕತೆ ಶುರು ಮಾಡಿದರು.

ಹಳೆಯ ಬಾವಿಗಳ ಹೂಳೆತ್ತುವ ಇಬ್ಬರಿದ್ದರು. ಕೆಳಗೆ ಇಳಿಯುವವನು ದುರ್ಗಪ್ಪ, ಮೇಲೆ ನಿಂತು ಹಗ್ಗ ಹಿಡಿಯುವವನು ಚೌಡಪ್ಪ. ಇಪ್ಪತ್ತು ವರ್ಷದ ಜೋಡಿ. ಹಾಳು ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಮೊದಲು ದೀಪ ಇಳಿಬಿಡುತ್ತಿದ್ದರು. ಅದು ಆರದಿದ್ದರೆ ಆಮೇಲೆ ಮನುಷ್ಯ. ಇಳಿದ ಮೇಲೂ ಮೈಮರೆಯುವಂತಿಲ್ಲ, ಹೂಳು ಕೆದಕಿದರೆ ಗಾಳಿ ಮತ್ತೆ ಏಳುತ್ತದೆ. ಮೇಲಿನವನು ಆಗಾಗ ಹೆಸರು ಹಿಡಿದು ಕೂಗಬೇಕು, ಕೆಳಗಿನವನು ‘ಓ’ ಎನ್ನಬೇಕು. ಅವರ ಕಸುಬಿನಲ್ಲಿ ಒಂದು ಕಟ್ಟಳೆಯಿತ್ತು. ‘ಓ’ ಒಂದು ಉಸಿರು ತಡವಾದರೂ ಸರಿ, ಕೇಳದೆ ಎಳೆಯಬೇಕು. ಆ ಗಾಳಿ ಮೊದಲು ತಿನ್ನುವುದು ಬುದ್ಧಿಯನ್ನು. ಒಳಗಿರುವವನಿಗೆ ತನಗೇನೂ ಆಗಿಲ್ಲ ಎಂದೇ ಅನ್ನಿಸುತ್ತಿರುತ್ತದೆ.

ಒಮ್ಮೆ ಹಾಗೇ ಆಯಿತು, ದುರ್ಗಪ್ಪನ ‘ಓ’ ತಡವಾಯಿತು. “ಚೆನ್ನಾಗಿಯೇ ಇದ್ದೇನೆ ಕಣೋ, ಇನ್ನೆರಡು ಬುಟ್ಟಿ ಅಷ್ಟೇ!” ಎಂದು ಕೆಳಗಿನಿಂದ ರೇಗಿದ. ಚೌಡಪ್ಪ ಕಿವಿಗೆ ಹಾಕಿಕೊಳ್ಳದೆ ಎಳೆದ. ಮೇಲೆ ಬಂದವನು ಬೈಗುಳ ಮುಗಿಸುವ ಮೊದಲೇ ಎಚ್ಚರ ತಪ್ಪಿ ಬಿದ್ದ.

ಇಂಥ ಜಾಣ ಚೌಡಪ್ಪ ನೆಲದ ಮೇಲೆ ಎಂಥ ದಡ್ಡನಾದ, ನೋಡು.

ದುರ್ಗಪ್ಪನ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ತಿಥಿ ಮುಗಿಯುವವರೆಗೆ ಮನೆ ತುಂಬ ಜನ. ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋದರು. ಮೂರು ತಿಂಗಳಿಗೆ ಬಾವಿಯ ಕಲ್ಲೊಂದು ಜಾರಿ ಅವನ ಬಲಗೈ ಜಜ್ಜಿತು. ಬೆರಳು ಮಡಚದಾದವು, ಇನ್ನು ಬಾವಿಗೆ ಇಳಿಯುವಂತಿಲ್ಲ. ಮೊದಲ ಏಟನ್ನು ಹೇಗೋ ತಡೆದುಕೊಂಡಿದ್ದ, ಎರಡನೆಯದಕ್ಕೆ ಕುಸಿದ. ಗೋಡೆಗೊರಗಿ ಕೂತವನು ಕೂತೇ ಇದ್ದ. ಚೌಡಪ್ಪ ತನ್ನ ಭಾವಮೈದುನ ಮಾರಪ್ಪನನ್ನು ಬಾವಿಗೆ ಇಳಿಸತೊಡಗಿದ. ಆದರೂ ಸಂಜೆ ಮನೆಗೆ ಹೋಗುವಾಗ ದುರ್ಗಪ್ಪನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

“ದುರ್ಗಣ್ಣಾ, ಹೇಗಿದ್ದೀ?”

“ಚೆನ್ನಾಗಿದ್ದೇನೆ, ಹೋಗು.”

ಚೌಡಪ್ಪ ಹೋಗುತ್ತಿದ್ದ. ಕೇಳಿದ್ದಾಯಿತು, ಹೇಳಿದ್ದಾಯಿತು. ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಿದ್ದ. ಅವನನ್ನು ಏಕೆ ಬೈಯಲಿ, ನಾವೂ ಅಷ್ಟೇ ತಾನೆ?

ಒಂದು ದಿನ ಮಾರಪ್ಪ ಬಾವಿಯಲ್ಲಿದ್ದ. ಚೌಡಪ್ಪ ಕೂಗಿದ. ‘ಓ’ ಬರಲಿಲ್ಲ. ಹಿಂದೆಮುಂದೆ ನೋಡದೆ ಎಳೆದ. ಮೇಲೆ ಬಂದ ಮಾರಪ್ಪನ ಬಾಯಿ ತುಂಬ ಹೊಗೆಸೊಪ್ಪಿನ ರಸ. ಅದನ್ನು ದೂರ ಹೋಗಿ ಉಗಿದು ಬಂದು, “ಅಯ್ಯೋ ಭಾವ, ಕುಡಿಯುವ ನೀರಿನ ಬಾವಿಗೆ ಉಗಿಯಲೇ? ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ. ಇಷ್ಟು ತಡವಾದದ್ದಕ್ಕೆ ಎಳೆಯುವುದೇ?” ಎಂದ.

ನಗುತ್ತಿದ್ದ ಚೌಡಪ್ಪನ ನಗು ಅಲ್ಲೇ ನಿಂತಿತು. ಹಿಂದಿನ ಸಂಜೆ ದುರ್ಗಣ್ಣನನ್ನು ಕೇಳಿದ ಮೇಲೆ ತಾನು ತಲೆಯ ರುಮಾಲು ಬಿಚ್ಚಿ, ಕೊಡವಿ, ಮತ್ತೆ ಸುತ್ತಿಕೊಂಡದ್ದು ನೆನಪಾಯಿತು. ಅಷ್ಟೆಲ್ಲ ಆದ ಮೇಲೆ ಬಂದಿತ್ತು ಆ ‘ಚೆನ್ನಾಗಿದ್ದೇನೆ’. ಅದರ ಹಿಂದಿನ ದಿನವೂ ಹಾಗೇ.

ಹಗ್ಗವನ್ನು ಅಲ್ಲೇ ಬಿಟ್ಟು ಓಡಿದ. ದುರ್ಗಪ್ಪನ ಒಲೆಯಲ್ಲಿ ಬೆಕ್ಕು ಮಲಗಿತ್ತು. ಪಕ್ಕದ ಮನೆಯಾಕೆ ಇಟ್ಟುಹೋಗಿದ್ದ ಅಂಬಲಿ ಮುಟ್ಟುವವರಿಲ್ಲದೆ ಕೆಟ್ಟುಹೋಗಿತ್ತು. ಹೇಗಿದ್ದೀ ಎಂದು ಚೌಡಪ್ಪ ಈ ಸಲ ಕೇಳಲಿಲ್ಲ. ಎರಡೂ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ.

“ಬಿಡೋ, ನನಗೇನೂ ಬೇಡ, ನಿನ್ನ ಮನೆ ಹಾಳಾಗ!” ಎಂದು ದುರ್ಗಪ್ಪ ಕೊಸರಾಡಿದ.

“ಮೇಲೆ ಬಂದ ಮೇಲೆ ಬೈ” ಎಂದ ಚೌಡಪ್ಪ.

ಬಿಸಿನೀರು ಹೊಯ್ದ. ತನ್ನ ಮನೆಗೆ ಕರೆದೊಯ್ದು ಮುದ್ದೆ ಇಕ್ಕಿಸಿದ. ಮರುದಿನ ಬಾವಿಕಟ್ಟೆಯ ಮೇಲೆ ತಂದು ಕೂರಿಸಿ, “ಕೈ ಹೋದರೆ ಹೋಗಲಿ, ಗಂಟಲಿದೆಯಲ್ಲ. ಇನ್ನು ಮೇಲೆ ಕೂಗುವುದು ನೀನು” ಎಂದ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಆ ಬೇಸಗೆಯೆಲ್ಲ ದಿನವೂ ಹೋಗಿ ಅವನನ್ನು ಎಬ್ಬಿಸಿ ತರಬೇಕಾಯಿತು. ಎಷ್ಟೋ ದಿನ ದುರ್ಗಪ್ಪ ಬಾಯಿಯನ್ನೇ ತೆರೆಯುತ್ತಿರಲಿಲ್ಲ, ಹಗ್ಗ ಹಿಡಿದ ಚೌಡಪ್ಪನೇ ಕೂಗಿಕೊಳ್ಳುತ್ತಿದ್ದ. ಮುಂದಿನ ಬೇಸಗೆಯಲ್ಲಿ ಒಂದು ದಿನ ಕೆಳಗಿನ ‘ಓ’ ತಡವಾಯಿತು. ಚೌಡಪ್ಪ ಬೇರೇನೋ ಯೋಚನೆಯಲ್ಲಿದ್ದ. “ಎಳೆಯೋ!” ಎಂದು ಚೀರಿದವನು ದುರ್ಗಪ್ಪ.

ಗುರುಗಳು ಕತೆ ನಿಲ್ಲಿಸಿದರು. ಬಸಲಿಂಗನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

“ಆದರೂ ಗುರುಗಳೇ, ಚೆನ್ನಮಲ್ಲ ಬಾಯಿಬಿಟ್ಟೇ ಹೇಳಿದನಲ್ಲ, ಏನೂ ಬೇಡ ಎಂದು?”

“ಹೇಳಿದ, ಸರಿ. ಹೇಳಲು ಎಷ್ಟು ಹೊತ್ತು ತೆಗೆದುಕೊಂಡ?”

ಬಸಲಿಂಗ ಎದ್ದು ಚೆನ್ನಮಲ್ಲ ಮಲಗಿದ್ದ ಕಡೆಗೆ ನಡೆದ.