ನೆತ್ತರುಗೊಡಗೆಯ ಹೊಲ

"ಗುರುಗಳೇ, ಯುದ್ಧ ಬೇಕು ಎನ್ನುವವರನ್ನು ನಾನು ಇದುವರೆಗೆ ಕಂಡಿಲ್ಲ. ಎಲ್ಲರೂ ಶಾಂತಿ ಬೇಕೆನ್ನುತ್ತಾರೆ. ಆದರೂ ಯುದ್ಧ ಯಾಕೆ ನಿಲ್ಲುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರು ಸಿಡುಕಿನ ಮನುಷ್ಯ. "ಬೇಕೆನ್ನುವುದಕ್ಕೇನು ಖರ್ಚು? ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಶುರು ಮಾಡಿದರು.

ಎರಡು ಊರುಗಳಿದ್ದವು. ನಡುವೆ ಒಂದು ಹುಲ್ಲುಗಾವಲು. ಮೊದಲು ಎರಡೂ ಊರಿನ ದನ ಅಲ್ಲಿ ಮೇಯುತ್ತಿದ್ದವು. ಆಮೇಲೆ ಅದು ಯಾರದು ಎಂಬ ಜಗಳ ಹುಟ್ಟಿತು. ಮೊದಲು ಕೋಲೆತ್ತಿದವರು ಯಾರು ಎಂದು ಯಾರನ್ನೇ ಕೇಳು, ಆಚೆಯವರು ಎನ್ನುತ್ತಾರೆ. ಅಜ್ಜಂದಿರ ಕಾಲದಿಂದಲೂ ಕಾದಾಡುತ್ತಲೇ ಬಂದರು.

ಆ ಊರುಗಳಲ್ಲಿ ಒಂದು ಪದ್ಧತಿ. ಕಾಳಗದಲ್ಲಿ ಸತ್ತವನಿಗೆ ಒಂದು ವೀರಗಲ್ಲು ನಿಲ್ಲಿಸುತ್ತಿದ್ದರು. ಅವನ ಮನೆಯವರಿಗೆ, ಕಾದು ಗೆದ್ದ ನೆಲದಲ್ಲೇ ಒಂದು ಹೊಲ ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಹೆಣ ಬಿದ್ದ ಮನೆಗೂ ಅನ್ನ ಬೇಡವೇ? ಪದ್ಧತಿ ಮಾಡಿದವರು ಕೆಟ್ಟವರೇನಲ್ಲ. ಆದರೆ ಹೀಗೆ ಕೊಟ್ಟು ಕೊಟ್ಟು ಹುಲ್ಲುಗಾವಲೆಲ್ಲ ಹೊಲವಾಯಿತು. ಆ ಹೊಲದ ಜೋಳ ಉಣ್ಣದ ಮನೆ ಎರಡೂ ಊರಿನಲ್ಲಿ ಉಳಿಯಲಿಲ್ಲ.

ಈಚೆಯ ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಬೊಮ್ಮವ್ವ ಎಂದಿಟ್ಟುಕೋ. ಗಂಡ ಕಾಳಗದಲ್ಲಿ ಸತ್ತು, ಊರು ಕೊಟ್ಟ ಹೊಲದಲ್ಲಿ ಬದುಕುತ್ತಿದ್ದಳು. ಇದ್ದೊಬ್ಬ ಮಗನಿಗೆ ಮೀಸೆ ಮೂಡುತ್ತಿತ್ತು. ಮೀಸೆ ಮೂಡಿದವನನ್ನು ಕಾಳಗಕ್ಕೆ ಕರೆಯುತ್ತಾರೆ. ಅವಳಿಗೆ ಅನ್ನ ಸೇರದಾಯಿತು. ಮಗ ಉಳಿದರೆ ಸಾಕು ಎಂದು ಎರಡೂ ಊರಿನ ಮನೆ ಮನೆಗೆ ಅಲೆದು, ಜಗಳ ನಿಲ್ಲಿಸಿ ಎಂದು ಬೇಡಿಕೊಂಡಳು. ಯಾರೂ ಇಲ್ಲ ಎನ್ನಲಿಲ್ಲ. ಎಲ್ಲರ ಮನೆಯಲ್ಲೂ ಗಂಡುಮಕ್ಕಳಿದ್ದರಲ್ಲ.

ಎರಡೂ ಊರು ಸಭೆ ಸೇರಿತು. ದೇವರ ಮುಂದೆ ಆಣೆ ಮಾಡಿದರು. ಅತ್ತರು, ಒಬ್ಬರನ್ನೊಬ್ಬರು ಅಪ್ಪಿಕೊಂಡರು. ನೆತ್ತರುಗೊಡಗೆಯ ಹೊಲಗಳನ್ನೆಲ್ಲ ಬಿಟ್ಟುಕೊಟ್ಟು, ಅದನ್ನು ಮತ್ತೆ ದನ ಮೇಯುವ ಹುಲ್ಲುಗಾವಲು ಮಾಡುವುದೆಂದು ತೀರ್ಮಾನವಾಯಿತು. ಮೊದಲು ಯಾರು ಬಿಡುತ್ತೀರಿ ಎಂದು ಈಚೆಯ ಊರಿನ ಗೌಡ ಕೇಳಿದ. ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಬೊಮ್ಮವ್ವ ಎದ್ದಳು. "ನನ್ನದು ಬಿಟ್ಟೆ. ನನಗೆ ಮಗ ಸಾಕು" ಎಂದಳು.

ಇಡೀ ಸಭೆ ಎದ್ದು ಕೈ ಮುಗಿಯಿತು. ಅವಳಿಗೆ ಸೀರೆ ಹೊದಿಸಿದರು. ಮಹಾತಾಯಿ ಎಂದರು. ಅವಳು ಅಂದೇ ಹೋಗಿ ತನ್ನ ಹೊಲದ ಗಡಿಗಲ್ಲು ಕಿತ್ತು ಬಂದಳು.

ಉಳಿದವರು? ಒಬ್ಬ, ಈ ಬೆಳೆ ಕೊಯ್ದುಕೊಳ್ಳುತ್ತೇನೆ ಎಂದ. ಒಬ್ಬ, ಇದು ನಮ್ಮಪ್ಪನ ನೆತ್ತರು, ಬಿಡುವುದು ಹೇಗೆ ಎಂದ. ಆಚೆಯವರು ಬಿಡಲಿ, ಆಮೇಲೆ ನೋಡೋಣ ಎಂದವರೇ ಹೆಚ್ಚು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮರುವರ್ಷ ಆಚೆಯ ಊರಿನ ಪಕ್ಕದ ಹೊಲದವನು ಬೊಮ್ಮವ್ವನ ಹೊಲವನ್ನು ತನ್ನದರೊಳಗೆ ಸೇರಿಸಿ ಉತ್ತುಕೊಂಡ. ತಾಯಿ ಮಗ ಕೂಲಿಗೆ ಬಿದ್ದರು.

ಅವಳು ಗೌಡನ ಹತ್ತಿರ ಹೋಗಿ, ಬೇರೆ ಎಲ್ಲಾದರೂ ಒಂದು ತುಂಡು ನೆಲ ಕೊಡಿಸಿ ಎಂದು ಕೇಳಿದಳು. ಗೌಡ ಅವಳನ್ನು ಗದರಲಿಲ್ಲ. ಕೂರಿಸಿ, ನೀರು ಕೊಡಿಸಿ, ಮೆತ್ತಗೆ ಹೇಳಿದ. "ತಾಯಿ, ನೆತ್ತರು ಬೀಳದೆ ನೆಲ ಕೊಡುವ ಪದ್ಧತಿ ನಮ್ಮಲ್ಲಿಲ್ಲ."

ಮಗನಿಗೆ ಇದು ಗೊತ್ತಾಯಿತು. ಹೊಲವಿಲ್ಲದವನಿಗೆ ಹೆಣ್ಣು ಕೊಡುವವರಿರಲಿಲ್ಲ. ಅವ್ವ ಊರಿಗೆ ದಾನ ಮಾಡಿದಳು, ಮಗ ಊರಲ್ಲಿ ಕೂಲಿ ಮಾಡಿದ ಎಂದು ಓರಗೆಯವರು ಆಡಿಕೊಂಡರು. ಹೊಲಗಳು ಅಲ್ಲೇ ಇದ್ದ ಮೇಲೆ ಜಗಳ ಎಲ್ಲಿಗೆ ಹೋಗುತ್ತದೆ? ಬೇಸಗೆಯಲ್ಲಿ ಮತ್ತೆ ಕಹಳೆ ಊದಿದರು. ನಮ್ಮ ಹೊಲ ನಾನೇ ತರುತ್ತೇನೆ ಎಂದು ಅವನು ಗೋಡೆಯ ಮೇಲಿದ್ದ ಅಪ್ಪನ ಈಟಿ ಇಳಿಸಿದ. ಅವಳು ಹೊಸ್ತಿಲಿಗೆ ಅಡ್ಡ ಮಲಗಿದಳು. ಅವನು ದಾಟಿಕೊಂಡು ಹೋದ.

ಈಚೆಯವರೇ ಗೆದ್ದರು. ಅವನು ಅದೇ ಹೊಲದಲ್ಲಿ ಬಿದ್ದ. ಊರು ವೀರಗಲ್ಲು ನಿಲ್ಲಿಸಿ, ಪದ್ಧತಿಯಂತೆ ಆ ಹೊಲವನ್ನೇ ಬೊಮ್ಮವ್ವನಿಗೆ ನೆತ್ತರುಗೊಡಗೆ ಕೊಟ್ಟಿತು. ಕೊಡುವಾಗ ಗೌಡ ಅತ್ತ. ಆ ಕಣ್ಣೀರು ಸುಳ್ಳಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಅವಳು ಆ ಹೊಲಕ್ಕೆ ಕಾಲಿಡಲಿಲ್ಲ. ಬಹಳ ದಿನ ಬದುಕಲೂ ಇಲ್ಲ.

ಗುರು ಕತೆ ನಿಲ್ಲಿಸಿದರು.

"ಆ ಸಭೆಯಲ್ಲಿ ನಾನಿದ್ದಿದ್ದರೆ ಆ ತಾಯಿಯ ಜೊತೆ ನಿಲ್ಲುತ್ತಿದ್ದೆ, ಗುರುಗಳೇ" ಎಂದ ಶಿಷ್ಯ.

"ಜೊತೆ ನಿಲ್ಲುವುದಕ್ಕೆ ಎರಡು ಊರೇ ಇತ್ತಪ್ಪ, ಹೊಲ ಬಿಟ್ಟವಳು ಅವಳೊಬ್ಬಳೇ" ಎಂದರು ಗುರು.